ಪ್ರಶ್ನೆಗೆ ಉತ್ತರಿಸಬೇಡಿ ಎಂದವರಿಗೆ

ಮಾನ್ಯರೇ,

ನಿಮ್ಮ ಕಚೇರಿಯ ಆದೇಶವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅದೇ ನನ್ನ ದೂರು.

ಆದೇಶ ಮುರಿದವರಿಗೆ ನೀವು ನೋಟಿಸು ಕೊಡುವುದನ್ನು ಕಂಡಿದ್ದೇನೆ. ಆದೇಶ ಪಾಲಿಸಿ ಒಂದು ಜೀವ ಹೋಗಲು ಬಿಟ್ಟವರು ಯಾವ ನಮೂನೆಯಲ್ಲಿ, ಯಾವ ಕಿಟಕಿಯಲ್ಲಿ ಅರ್ಜಿ ಕೊಡಬೇಕೆಂದು ತಿಳಿಯಲು ನಿಮ್ಮ ಮೆಟ್ಟಿಲನ್ನು ಮೂರು ಸಲ ಹತ್ತಿದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ. ಎರಡನೆಯ ಸಲವೂ ಸಭೆಯಲ್ಲಿದ್ದಿರಿ. ಮೂರನೆಯ ಸಲ ನಿಮ್ಮ ಆಪ್ತ ಸಹಾಯಕರು ಬಹಳ ವಿನಯದಿಂದ, “ವಿಷಯ ಏನು ಅಂತ ಒಂದು ಸಾಲಲ್ಲಿ ಬರೆದುಕೊಡಿ ಮೇಡಂ. ಆದ್ರೆ ದಯವಿಟ್ಟು ಆ ಪಟ್ಟೀಲಿರೋ ಪದ ಯಾವುದನ್ನೂ ಹಾಕ್ಬೇಡಿ” ಎಂದರು. ವಿಷಯ ಒಂದು ಸಾಲಿನಲ್ಲಿ ಹಿಡಿಯಲಿಲ್ಲ. ಹಾಗಾಗಿ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ನಿಮ್ಮ ಇಲಾಖೆಯ ಗುಂಪು ಶಿಕ್ಷಕಿ. ಹನ್ನೊಂದು ವರ್ಷಗಳಿಂದ ಚಪ್ಪಲಿ ಕಾರ್ಖಾನೆ, ಬಸ್ ಡಿಪೋ, ಮುದ್ರಣಾಲಯ, ಲಾಂಡ್ರಿ ಹೀಗೆ ಜನ ಗುಂಪಾಗಿ ದುಡಿಯುವ ಕಡೆಗೆಲ್ಲ ಹೋಗಿ, ಅವರನ್ನು ಕೂರಿಸಿಕೊಂಡು, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳು ಯಾವುವು, ಬರದಂತೆ ಏನು ಮಾಡಬೇಕು, ಬಂದರೆ ಎಲ್ಲಿಗೆ ಹೋಗಬೇಕು ಎಂದು ಹೇಳಿಕೊಡುವುದು ನನ್ನ ಕೆಲಸ. ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸವೇನಲ್ಲ ಎಂದು ನಮ್ಮ ಅತ್ತೆಯವರ ಅಭಿಪ್ರಾಯ. ಅಕ್ಕಪಕ್ಕದವರು ಕೇಳಿದರೆ, “ನಮ್ ಸೊಸೆ ಜನಕ್ಕೆ ಕೈ ತೊಳ್ಯೋದು ಹೇಳ್ಕೊಡ್ತಾಳೆ” ಎಂದು ಮಾತು ಮುಗಿಸಿಬಿಡುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಎಪ್ಪತ್ತೆಂಟು ವರ್ಷ, ಮೊಣಕಾಲು ನೋವು, ಮತ್ತು ಅವರು ಆರೋಗ್ಯ ಶಿಕ್ಷಣದ ಮುಖ್ಯಾಧಿಕಾರಿಯಲ್ಲ. ಅದೇ ನಾಚಿಕೆಯನ್ನು ನೀವು ಸುತ್ತೋಲೆ ಮಾಡಿ ಹೊರಡಿಸಿದ್ದೀರಿ ಎಂಬುದಷ್ಟೇ ನಿಮ್ಮಿಬ್ಬರಿಗಿರುವ ವ್ಯತ್ಯಾಸ.

ಆ ಸುತ್ತೋಲೆ ಹುಟ್ಟಿದ ದಿನ ನಾನು ಅಲ್ಲೇ ಇದ್ದೆ. ಸ್ಥಳ, ಊರಿನ ಒಂದು ದೊಡ್ಡ ಲಾಂಡ್ರಿಯ ಇಸ್ತ್ರಿ ಕೋಣೆ. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಗಳ ಹಸಿರು ನಿಲುವಂಗಿ, ಕಚೇರಿಯವರ ಅಂಗಿಗಳು, ಬಹುಶಃ ನಿಮ್ಮದೂ, ಎಲ್ಲ ಅಲ್ಲಿಗೇ ಬರುತ್ತವೆ. ಮಧ್ಯಾಹ್ನದ ಪಾಳಿ ಶುರುವಾಗುವ ಮುನ್ನ ಯಂತ್ರಗಳನ್ನು ನಿಲ್ಲಿಸಿ, ಮಡಿಸಿಟ್ಟ ಹಾಸುಗಳ ಕಟ್ಟುಗಳ ಮೇಲೆ ಮೂವತ್ತು ಮೂವತ್ತೈದು ಹೆಂಗಸರು ಕೂರುತ್ತಿದ್ದರು. ಉಗಿ ಇನ್ನೂ ಆರಿರುತ್ತಿರಲಿಲ್ಲ. ನನ್ನ ಚಿತ್ರಪಟಗಳ ಅಂಚು ಮುದುಡಿಕೊಳ್ಳುತ್ತಿತ್ತು. ಮೊದಲ ಅರ್ಧ ಗಂಟೆ ಎಲ್ಲರೂ ತಮ್ಮ ಕಾಲ್ಬೆರಳು ನೋಡುತ್ತಾ ಕೂತಿರುತ್ತಾರೆ. ಆಮೇಲೆ ಯಾರಾದರೂ ಒಬ್ಬಳು ನಗಬೇಕು. ಒಬ್ಬಳು ನಕ್ಕರೆ ಸಾಕು, ಕೋಣೆಯ ಬಿಗಿ ಸಡಿಲವಾಗುತ್ತದೆ. ನಕ್ಕ ಮೇಲೆಯೇ ಹೆಂಗಸರು ಪ್ರಶ್ನೆ ಕೇಳುವುದು. ಹನ್ನೊಂದು ವರ್ಷದಲ್ಲಿ ನಾನು ಕಲಿತ ವಿದ್ಯೆ ಇಷ್ಟೇ.

ಆ ದಿನ ನಗಿಸಿದವಳು ರೇಡಿಯೋ. ಇಸ್ತ್ರಿ ಮಾಡುವ ಹೆಂಗಸು. ಬಾಯಿ ನಿಲ್ಲುವುದೇ ಇಲ್ಲವಾದ್ದರಿಂದ ಆ ಹೆಸರು. ಸೋಂಕು ಬಟ್ಟೆಯಿಂದ ಹರಡುವುದಿಲ್ಲ ಎಂದು ನಾನು ಹೇಳುತ್ತಿದ್ದಂತೆ ಅವಳು ಎದ್ದು ನಿಂತಳು.

“ಒಂದ್ನಿಮಿಷ ಅಕ್ಕ. ಟವೆಲ್‌ನಿಂದ?”

“ಟವೆಲ್‌ನಿಂದಾನೂ ಬರಲ್ಲ.”

“ಒದ್ದೆ ಟವೆಲ್ ಆದ್ರೆ?”

“ಒದ್ದೆ ಆದ್ರೂ ಇಲ್ಲ ಕಣೇ.”

“ಹಂಗಾದ್ರೆ ನಮ್ಮನೆಯೋರು ಹೋದ ವರ್ಷ ಹೇಳಿದ್ ಕಥೆ…” ಎಂದು ಅವಳು ಸೊಂಟದ ಮೇಲೆ ಕೈಯಿಟ್ಟಳು. “ಬರ್ಲಿ ಇವತ್ತು ಮನೆಗೆ! ಟವೆಲ್ಲೇ ಸುತ್ತಿ ಕೇಳ್ತೀನಿ!”

ಮೂವತ್ತು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೆಯ ದಿನ ರೇಡಿಯೋ ಗಂಡನನ್ನು ಕರೆದುಕೊಂಡು ಪರೀಕ್ಷೆಗೆ ಹೋದಳು, ಇಬ್ಬರಿಗೂ ಚಿಕಿತ್ಸೆಯಾಯಿತು, ಈಗ ಇಬ್ಬರೂ ಗಟ್ಟಿಯಾಗಿದ್ದಾರೆ. ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಒಪ್ಪದಿದ್ದರೂ ಅವಳೇ ಊರಿಗೆಲ್ಲ ಹೇಳಿಯಾಗಿದೆ.

ಆದರೆ ಆ ನಗು ಕೇಳಿಸಿದ್ದು ನಮಗೆ ಮಾತ್ರವಲ್ಲ. ನಿಮ್ಮ ತಪಾಸಣಾ ತಂಡ ಆಗಷ್ಟೇ ಅಂಗಳಕ್ಕೆ ಬಂದಿತ್ತು. ಅವರ ವರದಿಯ ಪ್ರತಿ ನನ್ನಲ್ಲಿದೆ: “ಶಿಬಿರದಲ್ಲಿ ಗಾಂಭೀರ್ಯದ ಕೊರತೆ ಕಂಡುಬಂದಿದೆ. ಭಾಗವಹಿಸಿದವರು ಅಟ್ಟಹಾಸದಿಂದ ನಗುತ್ತಿದ್ದರು. ಬಳಸಲಾದ ಪದಗಳು ಮುಜುಗರ ತರುವಂಥವು.” ಯಾರಿಗೆ ಮುಜುಗರವಾಯಿತು ಎಂಬುದನ್ನು ವರದಿ ಹೇಳುವುದಿಲ್ಲ. ಒಳಗಿದ್ದವರಿಗಂತೂ ಆಗಿರಲಿಲ್ಲ.

ಆರು ವಾರದಲ್ಲಿ ನಿಮ್ಮ ಆದೇಶ ಬಂತು. ಒಂದೂಕಾಲು ಗಂಟೆಯ ಪಾಠ ಇಪ್ಪತ್ತು ನಿಮಿಷಕ್ಕಿಳಿಯಿತು. ಚಿತ್ರಪಟಗಳು, ಮಾದರಿಗಳು ಉಗ್ರಾಣಕ್ಕೆ ವಾಪಸ್ಸು. ಬಳಸಬಾರದ ಮೂವತ್ತೊಂದು ಪದಗಳ ಪಟ್ಟಿ. ಪಟ್ಟಿಯ ಮೊದಲ ಪದವೇ ಕಾಂಡೋಮ್. ಅದರ ಬದಲಿಗೆ ನಾವು “ಸೂಕ್ತ ಎಚ್ಚರಿಕೆ” ಎನ್ನಬೇಕು. ಸೂಕ್ತ ಎಚ್ಚರಿಕೆಯನ್ನು ಔಷಧದ ಅಂಗಡಿಯಲ್ಲಿ ಹೇಗೆ ಕೇಳಿ ಪಡೆಯುವುದು, ಮಾನ್ಯರೇ? ನೀವು ಒಮ್ಮೆ ಕೇಳಿ ನೋಡಿದ್ದೀರಾ? ಲೈಂಗಿಕ ಸಂಪರ್ಕಕ್ಕೆ “ಅನುಚಿತ ವರ್ತನೆ” ಎನ್ನಬೇಕು. ಗಂಡ ಹೆಂಡಿರ ನಡುವಿನದಕ್ಕೂ ಅದೇ ಪದವೋ ಎಂದು ಸ್ಪಷ್ಟೀಕರಣ ಕೇಳಿ ಬರೆದಿದ್ದೆ, ಉತ್ತರ ಬರಲಿಲ್ಲ. ರೋಗಗಳಿಗೆಲ್ಲ ಸೇರಿ ಒಂದೇ ಹೆಸರು: “ಒಂದು ಬಗೆಯ ಅಸ್ವಸ್ಥತೆ.” ಮತ್ತು ಕೊನೆಯದಾಗಿ, ಇದಕ್ಕಾಗಿಯೇ ನಾನು ಈ ಪತ್ರ ಬರೆಯುತ್ತಿರುವುದು, ಪ್ರಶ್ನೋತ್ತರ ರದ್ದು. “ಪ್ರಶ್ನೆಗಳಿದ್ದಲ್ಲಿ ವೈದ್ಯರನ್ನು ಸಂಪರ್ಕಿಸಿ ಎಂದಷ್ಟೇ ತಿಳಿಸತಕ್ಕದ್ದು; ಬೇರಾವ ಉತ್ತರವನ್ನೂ ಕೊಡತಕ್ಕದ್ದಲ್ಲ.” ಪಾಠವನ್ನು ನಿಮ್ಮ ಕಚೇರಿಯೇ ಕಾರ್ಡಿನ ಮೇಲೆ ಅಚ್ಚುಹಾಕಿಸಿ ಕಳಿಸಿತು. ಮೂರು ತಿಂಗಳ ಮಟ್ಟಿಗೆ ನನ್ನ ಜೊತೆಗೊಬ್ಬ ವೀಕ್ಷಕರನ್ನೂ ಕಳಿಸಿತು. ಒಳ್ಳೆಯ ಮನುಷ್ಯ. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದರು. ಪಾಠ ಶುರುವಾದರೆ ಮಾತ್ರ ಪುಸ್ತಕ ತೆರೆದು, ನನ್ನ ಬಾಯಿಂದ ಯಾವ ಪದ ಬಿದ್ದೀತೆಂದು ಪೆನ್ನು ಹಿಡಿದು ಕಾಯುತ್ತಿದ್ದರು.

ಈಗ, ಲಾಂಡ್ರಿಯವರೆಲ್ಲ ಗುಂಡಿ ಎಂದು ಕರೆಯುವ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ಅಂಗಿಗಳಿಂದ ಕಿತ್ತುಹೋದ ಗುಂಡಿಗಳನ್ನು ಹೊಲಿಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷ. ಇಸ್ತ್ರಿ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಗಾಜಿನ ಭರಣಿಗಳನ್ನಿಟ್ಟುಕೊಂಡು ಕೂರುತ್ತಾಳೆ. ಯಾವ ಅಂಗಿ ತಂದುಕೊಟ್ಟರೂ ಅದಕ್ಕೆ ಹೊಂದುವ ಗುಂಡಿಯನ್ನು ಭರಣಿಯೊಳಗೆ ಕೈಯಾಡಿಸಿಯೇ ತೆಗೆದುಬಿಡುತ್ತಾಳೆ, ನೋಡುವುದೂ ಇಲ್ಲ. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಹೊಸ ಕಟ್ಟಡಗಳಿಗೆ ಲಿಫ್ಟ್ ಕೂರಿಸಲು ಬೇರೆ ಊರುಗಳಿಗೆ ಹೋದರೆ ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಮದುವೆಯಾಗಿ ಮೂರು ವರ್ಷವಾಗಿತ್ತು. ಆದೇಶ ಬಂದ ಮೇಲೆ ನಾನು ಕಾರ್ಡು ಹಿಡಿದು, ವೀಕ್ಷಕರೊಂದಿಗೆ ಲಾಂಡ್ರಿಗೆ ಹೋದ ಮಧ್ಯಾಹ್ನ ಅವಳು ಮೊದಲ ಬಾರಿ ಗರ್ಭಿಣಿಯಾಗಿ ಎರಡು ತಿಂಗಳು ತುಂಬಿತ್ತಂತೆ. ನನಗೆ ಗೊತ್ತಿರಲಿಲ್ಲ.

ನಾನು ಕಾರ್ಡು ಓದಿದೆ. ಯಾರೂ ನಗಲಿಲ್ಲ. ರೇಡಿಯೋ ಕೂಡ ಮಾತಾಡಲಿಲ್ಲ. ಅವಳು ವೀಕ್ಷಕರ ಪೆನ್ನನ್ನೇ ನೋಡುತ್ತಿದ್ದಳು. ಹನ್ನೆರಡು ನಿಮಿಷದಲ್ಲಿ ಪಾಠ ಮುಗಿಯಿತು. ಎಂಟು ನಿಮಿಷ ಉಳಿಯಿತು. ನಾನು ಕಾರ್ಡನ್ನು ಚೀಲಕ್ಕೆ ಹಾಕುತ್ತಿದ್ದಾಗ ಮೊದಲ ಸಾಲಿನಲ್ಲಿ ಒಂದು ಕೈ ಮೇಲಕ್ಕೆದ್ದಿತು. ಬೆರಳ ತುದಿಯಲ್ಲಿ ಇನ್ನೂ, ಸೂಜಿ ಚುಚ್ಚದಂತೆ ಹಾಕಿಕೊಳ್ಳುವ ಲೋಹದ ಟೋಪಿ ಇತ್ತು.

“ಅಕ್ಕ, ನಮ್ ಅತ್ತಿಗೆ ಒಬ್ರಿಗೆ… ಅಲ್ಲಿ ಒಂದು ಹುಣ್ಣಾಗಿತ್ತಂತೆ. ನೋವೇ ಇರ್ಲಿಲ್ಲ. ಮೂರು ನಾಲ್ಕು ವಾರಕ್ಕೆ ತಾನಾಗೇ ವಾಸಿ ಆಯ್ತಂತೆ. ಹಂಗಾದ್ರೆ ಅದು ಹೋಯ್ತು ಅಂತಾನೇ ಅಲ್ವಾ?”

ಗುಂಪಿನಲ್ಲಿ ಯಾರೂ ತಮಗಾಗಿ ಪ್ರಶ್ನೆ ಕೇಳುವುದಿಲ್ಲ. ಅತ್ತಿಗೆಗೆ, ನಾದಿನಿಗೆ, ಹಳೆಯ ಮನೆಯ ಪಕ್ಕದವಳಿಗೆ ಕೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಗೂ ಇದು ಗೊತ್ತು. ನನಗೂ ಗೊತ್ತಾಯಿತು. ಅವಳಿಗೆ ಕೊಡಬೇಕಾಗಿದ್ದ ಉತ್ತರ ನಾಲ್ಕು ವಾಕ್ಯದ್ದು. ಹುಣ್ಣು ಮಾಯವಾದರೂ ರೋಗ ಹೋಗಿರುವುದಿಲ್ಲ, ರಕ್ತದಲ್ಲೇ ಇರುತ್ತದೆ. ಅದರ ಹೆಸರು ಸಿಫಿಲಿಸ್ ಇರಬಹುದು. ಒಂದು ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಪೆನಿಸಿಲಿನ್ ಚುಚ್ಚುಮದ್ದಿನಿಂದ ವಾಸಿಯಾಗುತ್ತದೆ, ಗಂಡನಿಗೂ ಕೊಡಿಸಬೇಕು. ಬಸುರಿಯಾಗಿದ್ದರೆ ಇವತ್ತೇ ಹೋಗಬೇಕು, ಮಗುವಿಗೆ ಅಪಾಯ.

ಸಿಫಿಲಿಸ್ ನಿಮ್ಮ ಪಟ್ಟಿಯಲ್ಲಿ ಹದಿನಾಲ್ಕನೆಯ ಪದ.

ವೀಕ್ಷಕರ ಪೆನ್ನು ನಿಂತಿತ್ತು. ಆಗಲೇ ನನಗೊಂದು ಎಚ್ಚರಿಕೆಯ ಪತ್ರ ಬಂದಿತ್ತು, ಡಿಪೋದಲ್ಲಿ ಬಾಯಿತಪ್ಪಿ ಆರನೆಯ ಪದ ಆಡಿದ್ದಕ್ಕೆ. ಇನ್ನೊಂದು ಬಂದರೆ ಕೆಲಸ ಹೋಗುತ್ತಿತ್ತು. ನಾನು ಕಾರ್ಡಿನ ಕೊನೆಯ ಸಾಲನ್ನು ಹೇಳಿದೆ: “ಪ್ರಶ್ನೆಗಳಿದ್ದಲ್ಲಿ ವೈದ್ಯರನ್ನು ಸಂಪರ್ಕಿಸಿ.”

“ಸರಿ ಅಕ್ಕ” ಎಂದು ಅವಳು ಕೂತಳು. ನನಗೆ ತೊಂದರೆ ಕೊಟ್ಟೆನೇನೋ ಎಂಬಂತೆ ಸ್ವಲ್ಪ ನಕ್ಕಳು ಕೂಡ.

ಹೊರಡುವಾಗ ಗುಂಡಿ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ವೀಕ್ಷಕರು ಗಡಿಯಾರ ನೋಡಿ, “ನಡೀರಿ ಮೇಡಂ, ಮುದ್ರಣಾಲಯದವರು ಕಾಯ್ತಿರ್ತಾರೆ” ಎಂದರು. ನಡೆದೆ. ಮುಂದಿನ ಸಲ ಒಬ್ಬಳನ್ನೇ ಕರೆದು ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ಹೋದಾಗ ಅವಳನ್ನು ಬೆಳಗಿನ ಪಾಳಿಗೆ ಹಾಕಿದ್ದರು. ಫೋನ್ ನಂಬರು ಕೇಳಿ ಪಡೆಯಬಹುದಿತ್ತು. ಮನೆ ಹುಡುಕಿಕೊಂಡು ಹೋಗಬಹುದಿತ್ತು. ಹೋಗದಿರಲು ನನ್ನಲ್ಲಿ ಕಾರಣಗಳು ಬೇಕಾದಷ್ಟಿದ್ದವು, ನಿಮ್ಮಲ್ಲಿ ಸಭೆಗಳಿರುವ ಹಾಗೆ.

ವೈದ್ಯರನ್ನು ಸಂಪರ್ಕಿಸಿದಳೇ ಎಂದು ನೀವು ಕೇಳಬಹುದು. ಸಂಪರ್ಕಿಸಿದಳು. ನಾಲ್ಕನೆಯ ತಿಂಗಳಲ್ಲಿ ಗರ್ಭಿಣಿಯರ ಚಿಕಿತ್ಸಾಲಯಕ್ಕೆ ಹೋದಳು. ಅಲ್ಲಿಯ ನಮೂನೆಯನ್ನೂ ನಿಮ್ಮ ಕಚೇರಿ ಅಷ್ಟರಲ್ಲಿ ಶುದ್ಧ ಮಾಡಿತ್ತು. ಸಿಫಿಲಿಸ್ ಪರೀಕ್ಷೆ ಎಂದಿದ್ದ ಕಡೆ “ಇತರೆ ಪರೀಕ್ಷೆ, ಬಯಸಿದಲ್ಲಿ” ಎಂದಿತ್ತು. ಇದೇನೆಂದು ಕೇಳಿದ್ದಕ್ಕೆ ಕೌಂಟರಿನವಳು, “ಅದು ಬೇಕಾದೋರಿಗೆ ಮಾತ್ರ, ನಿಮಗ್ಯಾಕೆ?” ಎಂದಳಂತೆ. ಇವಳು ಮರ್ಯಾದಸ್ಥೆಯ ಹಾಗೆ ಕಾಣುತ್ತಿದ್ದಳಲ್ಲ, ಆಕೆ ಗೌರವ ಕೊಟ್ಟಳು. ಗುಂಡಿ “ಬೇಡ” ಎಂದು ಗುರುತು ಹಾಕಿದಳು. ಅದಾಗಿ ಸ್ವಲ್ಪ ದಿನಕ್ಕೆ ಅಂಗೈಯಲ್ಲೂ ಅಂಗಾಲಲ್ಲೂ ಕೆಂಪು ಕಲೆಗಳೆದ್ದವು. ತುರಿಕೆಯಿಲ್ಲ, ನೋವಿಲ್ಲ. ಲಾಂಡ್ರಿಯ ಸೋಪು ಅವಳಿಗೆ ಒಗ್ಗುತ್ತಿಲ್ಲವೆಂದು ಎಲ್ಲರೂ ತೀರ್ಮಾನಿಸಿದರು. ಮೇಲ್ವಿಚಾರಕಿ ಕರುಣೆಯಿಂದ ರಬ್ಬರ್ ಕೈಗವಸು ಕೊಡಿಸಿದಳು. ಅಂಗಾಲಿಗೆ ಸೋಪು ಹೇಗೆ ಹತ್ತಿತು ಎಂದು ಯಾರೂ ಕೇಳಲಿಲ್ಲ. ಮೊದಲಾಗಿದ್ದರೆ ಆ ಕೋಣೆಯ ಮೂವತ್ತು ಹೆಂಗಸರಲ್ಲಿ ಹತ್ತು ಜನರಾದರೂ ಕೇಳುತ್ತಿದ್ದರು. ಆ ಕಲೆಗಳ ಚಿತ್ರ ನನ್ನ ಏಳನೆಯ ಪಟದಲ್ಲಿತ್ತು. ಅದು ಉಗ್ರಾಣದಲ್ಲಿತ್ತು.

ಎಂಟನೆಯ ತಿಂಗಳಲ್ಲಿ ಒಂದು ಬೆಳಗ್ಗೆ, ಮಗು ನಿನ್ನೆಯಿಂದ ಅಲುಗಾಡಿಲ್ಲವೆಂದು ಅವಳು ಹೊಲಿಯುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. ರೇಡಿಯೋ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಹೆರಿಗೆಯಾಯಿತು. ಮಗು ಉಸಿರಾಡಿರಲಿಲ್ಲ.

ಮೂರನೆಯ ದಿನ ನಾನು ಹೋದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಎಬ್ಬಿಸಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳ ಗಂಡ ಕೂತಿದ್ದ. ಇಬ್ಬರ ರಕ್ತದ ವರದಿಯೂ ಆಗ ಬಂದಿತ್ತು. ವೈದ್ಯೆ ಎಲ್ಲ ಹೇಳಿದ್ದರು. ಅವನೇ ಹೇಳಿದ.

“ಹೊರಗಿನ ಊರಲ್ಲಿ ನಾಲ್ಕು ತಿಂಗಳಿದ್ದೆ ಅಕ್ಕ. ತಪ್ಪು ಮಾಡ್ದೆ. ವಾಪಸ್ ಬಂದ್ಮೇಲೆ ಸಣ್ಣದೊಂದು ಹುಣ್ಣಾಯ್ತು. ಮೆಡಿಕಲ್ ಶಾಪ್‌ನೋನು ಮುಲಾಮು ಕೊಟ್ಟ. ಹೋಯ್ತಲ್ಲ, ಬದುಕ್ದೆ ಅಂದ್ಕೊಂಡೆ.”

“ನಿಮ್ ವರ್ಕ್‌ಶಾಪ್‌ಗೂ ನಮ್ಮೋರು ಪಾಠಕ್ಕೆ ಬಂದಿದ್ರಲ್ಲ?”

“ಬಂದಿದ್ರು. ಒಂದ್ ಕಾರ್ಡ್ ಓದಿದ್ರು. ಅನುಚಿತ ವರ್ತನೆಯಿಂದ ಅಸ್ವಸ್ಥತೆ ಬರುತ್ತೆ ಅಂದ್ರು.” ಅವನು ಮುಖ ಒರೆಸಿಕೊಂಡ. “ಕುಡಿಯೋದ್ರ ಬಗ್ಗೆ ಹೇಳ್ತಿದಾರೆ ಅಂದ್ಕೊಂಡೆ ಅಕ್ಕ. ನಾನು ಕುಡಿಯಲ್ಲ.”

ತಪ್ಪು ಅವನದೇ ಎಂದು ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಹೌದು, ಅವನದು. ಅವನೂ ಹಾಗೇ ಹೇಳುತ್ತಾನೆ, ನಿಮಗಿಂತ ಗಟ್ಟಿಯಾಗಿ. ಆದರೆ ಮನುಷ್ಯರು ತಪ್ಪು ಮಾಡುವುದಿಲ್ಲ ಎಂಬ ಭರವಸೆಯ ಮೇಲೆ ಒಂದು ಇಲಾಖೆ ನಡೆಯುತ್ತದೆಯೇ? ಎಲ್ಲರೂ ಸರಿಯಾಗಿಯೇ ಬದುಕುತ್ತಾರೆಂದಾದರೆ ನಿಮ್ಮ ಹುದ್ದೆ ಯಾಕೆ, ನನ್ನದು ಯಾಕೆ? ಅವನ ತಪ್ಪಿಗೆ ಮದ್ದಿತ್ತು. ಮದ್ದಿದೆ ಎಂಬ ಮಾತನ್ನು ಅವನಿಗೂ ಅವನ ಹೆಂಡತಿಗೂ ತಲುಪಿಸುವುದಕ್ಕೇ ಸಂಬಳ ಪಡೆಯುವ ಇಬ್ಬರು ಅವರ ಎದುರಿಗೇ ನಿಂತಿದ್ದರು. ಇಬ್ಬರೂ ಕಾರ್ಡು ಓದಿ ಮನೆಗೆ ಹೋದರು. ಮರ್ಯಾದೆ ಉಳಿಯಿತೆಂದೇ ಇಟ್ಟುಕೊಳ್ಳೋಣ. ಯಾರದು ಉಳಿಯಿತು?

ಗಂಡ ಹೆಂಡಿರಿಬ್ಬರಿಗೂ ಚುಚ್ಚುಮದ್ದಾಗಿದೆ. ಅವರಿಬ್ಬರೂ ಜೊತೆಗೇ ಇದ್ದಾರೆ; ಹೇಗಿದ್ದಾರೆ ಎಂದು ಕೇಳುವ ಹಕ್ಕು ನನಗಿಲ್ಲ. ಆರು ವಾರದ ಮೇಲೆ ಗುಂಡಿ ಕೆಲಸಕ್ಕೆ ಬಂದಳೆಂದು ತಿಳಿದು ನಾನು ಹೋದೆ, ವೀಕ್ಷಕರಿಲ್ಲದೆ. ಅವಳು ಒಂದು ಬಿಳಿ ಅಂಗಿಯ ಮುಂಗೈಗೆ ಗುಂಡಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಸ್ಟೂಲನ್ನು ಕಾಲಿನಿಂದಲೇ ನನ್ನತ್ತ ತಳ್ಳಿದಳು. ನಾನು ಕೂತೆ.

“ಅಕ್ಕ, ಅವತ್ತು ನಾನು ಕೇಳಿದ್ನಲ್ಲ.”

“ಕೇಳಿದ್ದೆ.”

“ನಿಮಗೆ ಗೊತ್ತಿತ್ತಾ?”

ನಾನು ಬೇರೇನಾದರೂ ಹೇಳಬಹುದಿತ್ತು. ನಿಮ್ಮ ಆದೇಶದ ಸಂಖ್ಯೆ, ದಿನಾಂಕ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

“ಗೊತ್ತಿತ್ತು” ಎಂದೆ.

ಅವಳು ಬೈಯಲಿಲ್ಲ. ಅಳಲೂ ಇಲ್ಲ. ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ಕತ್ತರಿಸಿ, ಆ ಅಂಗಿಯನ್ನು ಮಡಿಸಿ ಬುಟ್ಟಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡಳು. ಅದಕ್ಕೆ ಗುಂಡಿ ಹುಡುಕುತ್ತಾ ಭರಣಿಯಲ್ಲಿ ಕೈಯಾಡಿಸಿದಳು, ಬಹಳ ಹೊತ್ತು ಆಡಿಸಿದಳು, ಸಿಗಲಿಲ್ಲ. ನಾನು ಎದ್ದು ಬಂದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆ; ನನ್ನ ನಂಬರಿನ ಬಸ್ಸುಗಳು ಮೂರು ಹೋದವು.

ಮಾರನೆಯ ವಾರದಿಂದ ನಾನು ಆದೇಶ ಮುರಿಯುತ್ತಿದ್ದೇನೆ. ಉಗ್ರಾಣದವರು ಪಟಗಳನ್ನು ಕೊಡಲಿಲ್ಲ. ಸೀಮೆಸುಣ್ಣದಲ್ಲಿ ನಾನೇ ಬಿಡಿಸುತ್ತೇನೆ, ಚೆನ್ನಾಗಿಲ್ಲ, ರೇಡಿಯೋ ನೋಡಿ ಬದನೆಕಾಯಿ ಎಂದಳು. ಮೂವತ್ತೊಂದು ಪದಗಳನ್ನೂ ಹೇಳುತ್ತೇನೆ. ಹನ್ನೊಂದು ಪಾಠಗಳಾಗಿವೆ. ಪರೀಕ್ಷೆಗೆ ಹೋದವರು ನಲವತ್ತಕ್ಕೂ ಹೆಚ್ಚು ಮಂದಿ. ಅವರಲ್ಲಿ ಇಬ್ಬರು ಬಸುರಿಯರಿಗೆ ಸೋಂಕಿತ್ತು, ಸಮಯಕ್ಕೆ ಮದ್ದಾಯಿತು. ಇದು ನನ್ನ ಸಾಧನೆಯೆಂದು ಬರೆಯುತ್ತಿಲ್ಲ. ಪ್ರತಿ ಸಲ ಯಾರಾದರೂ ಕೈ ಎತ್ತಿದಾಗ ಇಷ್ಟು ಸುಲಭವಿತ್ತಲ್ಲ ಎನಿಸುತ್ತದೆ. ಲಾಂಡ್ರಿಯಲ್ಲಿ ಪಾಠಕ್ಕೆ ಬಾ ಎಂದು ಗುಂಡಿಯನ್ನು ಕರೆದಿದ್ದೆ. “ನಂಗ್ ಬೇಡ ಅಕ್ಕ. ನಂಗೀಗ ಎಲ್ಲಾ ಗೊತ್ತು” ಎಂದಳು. ಬಾಗಿಲನ್ನು ಮಾತ್ರ ಮುಚ್ಚಿಕೊಳ್ಳಲಿಲ್ಲ.

ಈ ಪತ್ರಕ್ಕೆ ಅವಳ ಒಪ್ಪಿಗೆಯಿದೆ. ಓದಿ ಹೇಳಿದೆ, ಎಲ್ಲ ಕೇಳಿಸಿಕೊಂಡಳು. “ನನ್ನ ಹೆಸರು ಬೇಡ, ಕೆಲಸ ಬರೀರಿ ಪರ್ವಾಗಿಲ್ಲ” ಎಂದಳು. ನಾನು ಕಾಗದ ಮಡಿಸುವಾಗ ಮತ್ತೆ, “ಹೆಣ್ಣು ಮಗು ಅಂತ ಬರ್ದಿದೀರಾ?” ಎಂದು ಕೇಳಿದಳು. ಬರೆದಿರಲಿಲ್ಲ. ಈಗ ಬರೆದಿದ್ದೇನೆ. ಹೆಣ್ಣು ಮಗು. ತಲೆತುಂಬ ಕೂದಲಿತ್ತಂತೆ.

ಮಾನ್ಯರೇ, ಆದೇಶವನ್ನು ಹಿಂದಕ್ಕೆ ಪಡೆಯಿರಿ. ಪ್ರಶ್ನೋತ್ತರವನ್ನು ಮರಳಿಸಿ. ಗರ್ಭಿಣಿಯರ ನಮೂನೆಯಲ್ಲಿ ಪರೀಕ್ಷೆಯ ಹೆಸರನ್ನು ಹೆಸರಾಗಿಯೇ ಅಚ್ಚುಹಾಕಿಸಿ, ಎಲ್ಲರಿಗೂ ಮಾಡಿಸಿ. ಇವನ್ನೆಲ್ಲ ಮಾಡಲು ನಿಮಗೆ ಸಮಿತಿ ಬೇಕಾದೀತು, ವರದಿ ಬೇಕಾದೀತು, ಕಾಯುತ್ತೇನೆ. ಆದರೆ ಒಂದು ಕೆಲಸಕ್ಕೆ ಯಾವ ಸಮಿತಿಯೂ ಬೇಕಿಲ್ಲ. ಆಸ್ಪತ್ರೆಯ ಮೃತ ಜನನದ ದಾಖಲೆ ಪುಸ್ತಕ ನಿಮ್ಮ ಕಚೇರಿಯ ನೆಲಮಹಡಿಗೇ ಬರುತ್ತದೆ. ಅದರಲ್ಲಿ ಆ ಹೆಣ್ಣು ಮಗುವಿನ ಸಾಲಿನಲ್ಲಿ, ಸಾವಿನ ಕಾರಣ ಎಂಬ ಅಂಕಣದಲ್ಲಿ, ನಿಮ್ಮ ಪಟ್ಟಿಗೆ ಅಂಜಿ ಯಾರೋ “ಇತರೆ” ಎಂದು ಬರೆದಿದ್ದಾರೆ. ಮೆಟ್ಟಿಲಿಳಿದು ಹೋಗಿ ಅದನ್ನು ಹೊಡೆದುಹಾಕಿ, ರೋಗದ ಹೆಸರನ್ನು ನಿಮ್ಮ ಕೈಯಾರೆ, ಪೂರ್ತಿಯಾಗಿ, ಓದಲು ಬರುವ ಹಾಗೆ ಬರೆಯಿರಿ.

ಇಂತಿ,
ಗುಂಪು ಶಿಕ್ಷಕಿ
(ಇದು ಅಚ್ಚಾಗುವ ಹೊತ್ತಿಗೆ ಬಹುಶಃ ಮಾಜಿ)